ಸಂಸತ್ತಿನ ಎದುರು ಚರ್ಚ್‌ಗೆ ಏನು ಕೆಲಸ?

ಪ್ರಶ್ನೆ: ಮಗನ ಮನೆಗೆಂದು ಅಮೆರಿಕಕ್ಕೆ ಹೋದವರು ವಾಷಿಂಗ್ಟನ್ ನಗರವನ್ನೂ ನೋಡಿ ಬಂದೆವು. ಅಲ್ಲಿ ಸಂಸತ್ತು ಸೇರುವ ಕ್ಯಾಪಿಟಲ್ ಭವನದ ಎದುರಿಗೆ, ಸುಪ್ರೀಂ ಕೋರ್ಟಿನ ಪಕ್ಕದಲ್ಲೇ ಮೆಥಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಚರ್ಚಿನ ದೊಡ್ಡ ಕಟ್ಟಡವಿದೆ. ಕಾನೂನು, ಸರ್ಕಾರದ ನೀತಿ ಇವುಗಳ ಬಗ್ಗೆ ಕೆಲಸ ಮಾಡುವ ಕಚೇರಿ ಅದು ಎಂದು ಮಗ ಹೇಳಿದ. ಧರ್ಮ ಬೇರೆ, ಸರ್ಕಾರ ಬೇರೆ ಎನ್ನುವ ದೇಶದಲ್ಲಿ ಇದು ಹೇಗೆ ಸರಿ ಮೇಡಂ? ಚರ್ಚ್ ಬಡವರಿಗೆ ಅನ್ನ, ಬಟ್ಟೆ ಕೊಟ್ಟು, ಶಾಲೆ, ಆಸ್ಪತ್ರೆ ನಡೆಸಿಕೊಂಡು ಹೋದರೆ ಸಾಲದೇ?

ಉತ್ತರ: ನೀವು ನೋಡಿದ ಕಟ್ಟಡ 1923ರದು. ಪಕ್ಕದ ಸುಪ್ರೀಂ ಕೋರ್ಟ್ ಕಟ್ಟಡದ ಬಾಗಿಲು ತೆರೆದದ್ದು 1935ರಲ್ಲಿ. ಅಂದರೆ ಚರ್ಚೇ ಅಲ್ಲಿಗೆ ಮೊದಲು ಬಂದದ್ದು. ಈಗ ಅಲ್ಲಿ ಯುನೈಟೆಡ್ ಮೆಥಡಿಸ್ಟ್ ಚರ್ಚಿನ ‘ಚರ್ಚ್ ಮತ್ತು ಸಮಾಜ ಮಂಡಳಿ’ಯ ಕಚೇರಿ ಇದೆ. ಇನ್ನು ಕಾನೂನಿನ ಮಾತು. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು: ಯಾವ ಧರ್ಮವನ್ನೂ ಅದು ಅಧಿಕೃತ ಮಾಡಕೂಡದು, ಯಾರ ಆಚರಣೆಗೂ ಅಡ್ಡಬರಕೂಡದು. ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಜನರ ಹಕ್ಕನ್ನು ಕಾಯುವುದೂ ಅದೇ ತಿದ್ದುಪಡಿಯೇ. ಕಾರ್ಮಿಕ ಸಂಘ ಹೋಗಿ ಕೇಳಬಹುದಾದರೆ ಚರ್ಚೂ ಹೋಗಿ ಕೇಳಬಹುದು.

ನಿಮ್ಮ ಕೊನೆಯ ಸಾಲಿನ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ. ಕ್ರೈಸ್ತ ಸಭೆಯ ಇತಿಹಾಸ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಿದ್ದರು. ಆಗ ನಾನು ಮೆಥಡಿಸ್ಟ್ ಚಳವಳಿ ಹುಟ್ಟುಹಾಕಿದ ಜಾನ್ ವೆಸ್ಲಿಯ ಒಂದು ಪತ್ರ ಓದಿಸುತ್ತಿದ್ದೆ. 1791ರ ಫೆಬ್ರುವರಿ 24ರಂದು ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಬ್ರಿಟಿಷ್ ಸಂಸದನಿಗೆ ಬರೆದ ಪತ್ರ ಅದು. ಆಗ ವೆಸ್ಲಿಗೆ 87 ವರ್ಷ. ಮಾರ್ಚ್ 2ರಂದು ತೀರಿಕೊಂಡರು. ಗುಲಾಮರ ವ್ಯಾಪಾರದ ವಿರುದ್ಧ ಸಂಸತ್ತಿನಲ್ಲಿ ಹೋರಾಡುತ್ತಿದ್ದ ಆ ಯುವಕನಿಗೆ, ಬೇಸರಪಡದೆ ಮುಂದುವರಿ ಎಂದು ಧೈರ್ಯ ಹೇಳಲು ಬರೆದದ್ದು. ಅದರಲ್ಲಿ ಒಂದು ಕಡೆ ನಾನು ಪ್ರತಿ ಸಲ ಓದು ನಿಲ್ಲಿಸಿಬಿಡುತ್ತಿದ್ದೆ. ಆಫ್ರಿಕದ ಒಬ್ಬ ಬಡವ ಬರೆದ ಪುಸ್ತಿಕೆಯನ್ನು ಅಂದು ಬೆಳಿಗ್ಗೆ ಓದುತ್ತಿದ್ದೆ ಎಂದು ಹೇಳಿ, ವೆಸ್ಲಿ ಅದರಲ್ಲಿ ತನ್ನ ಮನಸ್ಸಿಗೆ ತಟ್ಟಿದ್ದನ್ನು ಬರೆಯುತ್ತಾರೆ. ವಸಾಹತುಗಳಲ್ಲಿ ಬಿಳಿಯನೊಬ್ಬ ಕರಿಯನಿಗೆ ಎಂಥ ಅನ್ಯಾಯ ಮಾಡಿದರೂ ಪರಿಹಾರವೇ ಇಲ್ಲ, ಏಕೆಂದರೆ ಬಿಳಿಯನ ವಿರುದ್ಧ ಕರಿಯ ಪ್ರಮಾಣ ಮಾಡಿ ಹೇಳಿದ ಸಾಕ್ಷಿಗೆ ಅಲ್ಲಿನ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ ಎಂದು.

ಜೀವಮಾನವಿಡೀ ಪ್ರಸಂಗ ಮಾಡಿದ, ಬಡವರಿಗಾಗಿ ಔಷಧಾಲಯ ನಡೆಸಿದ ಮನುಷ್ಯ ಈತ. ಸಾವಿನ ಹಾಸಿಗೆ ಹಿಡಿಯುವ ಮುನ್ನ ಅವರ ಕಣ್ಣು ನೆಟ್ಟದ್ದು ಸಾಕ್ಷಿಯ ಕುರಿತ ಒಂದು ಕಾನೂನಿನ ಮೇಲೆ. ಏಟು ತಿಂದವನಿಗೆ ಚರ್ಚ್ ಊಟ ಹಾಕಬಹುದು, ಗಾಯಕ್ಕೆ ಮದ್ದು ಹಚ್ಚಬಹುದು. ಹೊಡೆದವನ ಮೇಲೆ ಅವನು ಹೇಳುವ ಮಾತನ್ನು ಕೋರ್ಟು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದಾದರೆ ನಾಳೆ ಅದೇ ಬೆನ್ನಿಗೆ ಮತ್ತೆ ಅದೇ ಏಟು. ಆ ಸಾಲನ್ನು ಅಳಿಸಬೇಕಾದರೆ ಕಾನೂನು ಬರೆಯುವವರ ಬಾಗಿಲಿಗೇ ಹೋಗಬೇಕು, ಬೇರೆ ದಾರಿಯಿಲ್ಲ. ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ಗುಲಾಮಗಿರಿಯನ್ನೇ ರದ್ದು ಮಾಡುವ ಕಾಯಿದೆ ಬಂದದ್ದು 1833ರಲ್ಲಿ.

ಅಮೆರಿಕದ ಮೆಥಡಿಸ್ಟರು 1908ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದಾಗ ಕಾರ್ಖಾನೆಯ ಕೂಲಿಗಳ ಪರವಾಗಿ ಒಂದು ಸಾಮಾಜಿಕ ವಿಶ್ವಾಸಪ್ರಮಾಣವನ್ನೇ ಅಂಗೀಕರಿಸಿದರು. ಮಕ್ಕಳನ್ನು ದುಡಿಸುವುದು ನಿಲ್ಲಬೇಕು, ಅಪಾಯದ ಯಂತ್ರಗಳಿಂದ ರಕ್ಷಣೆ ಬೇಕು, ದುಡಿಮೆಯ ಗಂಟೆಗಳು ಇಳಿಯಬೇಕು, ವಾರಕ್ಕೊಂದು ರಜೆ ಬೇಕು, ಜೀವನಕ್ಕೆ ಸಾಲುವಷ್ಟು ಕೂಲಿ ಬೇಕು. ಇಂದು ಓದಿದರೆ ಇದರಲ್ಲೇನಿದೆ ವಿಶೇಷ ಅನ್ನಿಸುತ್ತದೆ. ಆದರೆ ಬಾಲಕಾರ್ಮಿಕರ ಬಗ್ಗೆ ಗಟ್ಟಿಯಾಗಿ ನಿಂತ ಕೇಂದ್ರ ಕಾನೂನು ಅಲ್ಲಿ ಬಂದದ್ದು 1938ರಲ್ಲಿ, ಮೂವತ್ತು ವರ್ಷಗಳ ಮೇಲೆ. ಚರ್ಚ್ ಒಂದೇ ಅದನ್ನು ತಂದಿತೆಂದರೆ ಬೀದಿಗಿಳಿದ ಕಾರ್ಮಿಕ ಸಂಘಗಳಿಗೆ ಅನ್ಯಾಯವಾಗುತ್ತದೆ. ಅವರ ಬೇಡಿಕೆಯನ್ನು ಭಾನುವಾರದ ಪ್ರಸಂಗಪೀಠಕ್ಕೆ ತಂದದ್ದು ಚರ್ಚ್.

ಪ್ರಶ್ನೆ: ಹಾಗಾದರೆ ಯಾರಿಗೆ ಓಟು ಹಾಕಬೇಕೆಂದು ಸಭಾಪಾಲಕರು ಹೇಳುವುದೂ ಸರಿಯೇ? ಚರ್ಚಿನ ನಿಲುವನ್ನು ಸಭೆಯವರು ಒಪ್ಪಲೇಬೇಕೇ?

ಉತ್ತರ: ಎರಡಕ್ಕೂ ಇಲ್ಲ ಎಂದೇ ನನ್ನ ಉತ್ತರ. ಮೇಲಿನ ಪ್ರಶ್ನೆಯಲ್ಲಿ ಬಂದ ಕಟ್ಟಡವನ್ನು ಕಟ್ಟಿಸಿದ್ದು ಮೆಥಡಿಸ್ಟರ ಮದ್ಯವರ್ಜನ ಮಂಡಳಿ. ಪಾನನಿಷೇಧ ಆಗ ಸಂವಿಧಾನದೊಳಗೇ ಸೇರಿತ್ತು. ಅದಕ್ಕಾಗಿ ಮೆಥಡಿಸ್ಟರಷ್ಟು ದುಡಿದವರು ಕಡಿಮೆ. ಕುಡಿತದಿಂದ ಹಾಳಾದ ಮನೆಗಳ ಹೆಂಗಸರು, ಮಕ್ಕಳು ಅವರ ಕಣ್ಣೆದುರಿಗಿದ್ದರು, ಅವರ ಕಾಳಜಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ 1928ರ ಅಧ್ಯಕ್ಷೀಯ ಚುನಾವಣೆಯಲ್ಲಿ, ಪಾನನಿಷೇಧವನ್ನು ವಿರೋಧಿಸುತ್ತಿದ್ದ ಅಲ್ ಸ್ಮಿತ್ ಎಂಬ ಅಭ್ಯರ್ಥಿಯ ವಿರುದ್ಧ ಜೇಮ್ಸ್ ಕ್ಯಾನನ್ ಎಂಬ ಮೆಥಡಿಸ್ಟ್ ಬಿಷಪ್ ಊರೂರು ಪ್ರಚಾರಕ್ಕಿಳಿದರು. ಸ್ಮಿತ್ ಕ್ಯಾಥೊಲಿಕ್. ಮದ್ಯದ ವಿರುದ್ಧ ಶುರುವಾದ ಮಾತು ಕ್ಯಾಥೊಲಿಕರ ಮೇಲಿನ ದ್ವೇಷದ ಜೊತೆ ಬೆರೆತುಹೋಯಿತು. ಸ್ಮಿತ್ ಸೋತರು. ಐದು ವರ್ಷಗಳಲ್ಲಿ, 1933ರಲ್ಲಿ, ಪಾನನಿಷೇಧವೂ ಹೋಯಿತು.

ತೆರಿಗೆ ವಿನಾಯಿತಿ ಪಡೆಯುವ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡಕೂಡದೆಂಬ ನಿಯಮ ಅಲ್ಲಿ 1954ರಲ್ಲಿ ಬಂತು. ಅದರ ಜಾರಿಯ ಬಗ್ಗೆ ಜಗಳ ಇನ್ನೂ ಇದೆ. ಆ ನಿಯಮ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ: ಕೂಲಿಯ ಬಗ್ಗೆ ಮಾತಾಡಿ, ಜೈಲಿನ ಬಗ್ಗೆ, ಯುದ್ಧದ ಬಗ್ಗೆ ಮಾತಾಡಿ, ಪಕ್ಷದ ಬಾವುಟವನ್ನು ಮಾತ್ರ ಪ್ರಸಂಗಪೀಠಕ್ಕೆ ತರಬೇಡಿ.

ಇನ್ನು ಒಪ್ಪುವ ವಿಷಯ. ಇಡೀ ಯುನೈಟೆಡ್ ಮೆಥಡಿಸ್ಟ್ ಚರ್ಚಿನ ಹೆಸರಿನಲ್ಲಿ ಮಾತಾಡುವ ಅಧಿಕಾರವಿರುವುದು ಅದರ ಪ್ರತಿನಿಧಿಗಳು ಸೇರುವ ಮಹಾಸಮ್ಮೇಳನಕ್ಕೆ ಮಾತ್ರ. ಅಲ್ಲಿ ಪಾದ್ರಿಗಳೆಷ್ಟೋ ಸಾಮಾನ್ಯ ಸದಸ್ಯರೂ ಅಷ್ಟೇ. ಯಾವ ಸದಸ್ಯ ಬೇಕಾದರೂ ಅದಕ್ಕೆ ಮನವಿ ಕಳಿಸಬಹುದು. ಸಮಾಜದ ಪ್ರಶ್ನೆಗಳ ಬಗ್ಗೆ ಚರ್ಚಿನ ನಿಲುವು ಹೇಳುವ, 1972ರಲ್ಲಿ ಅಂಗೀಕರಿಸಿದ ‘ಸಾಮಾಜಿಕ ತತ್ವ’ಗಳನ್ನು 2024ರಲ್ಲಿ ಪರಿಷ್ಕರಿಸಿದ್ದಾರೆ. ಅವು ಸಭೆಯ ಕಾನೂನಲ್ಲ, ಯೋಚಿಸಿ ನೋಡಿ ಎನ್ನುವ ಕರೆ. 2003ರಲ್ಲಿ ಇರಾಕ್ ಮೇಲೆ ಯುದ್ಧ ಬೇಡ ಎಂದು ಮೆಲ್ವಿನ್ ಟಾಲ್ಬರ್ಟ್ ಎಂಬ ಮೆಥಡಿಸ್ಟ್ ಬಿಷಪ್ ಟಿವಿ ಜಾಹೀರಾತಿನಲ್ಲೇ ಹೇಳಿದರು. ಯುದ್ಧ ಸಾರಿದ ಜಾರ್ಜ್ ಬುಷ್ ಕೂಡ ಮೆಥಡಿಸ್ಟರೇ. ಬಿಷಪ್ ಹೇಳಬೇಕಾದದ್ದನ್ನು ಹೇಳಿದರು, ಅಧ್ಯಕ್ಷರು ಕೇಳಲಿಲ್ಲ, ಅವರನ್ನು ಯಾರೂ ಸಭೆಯಿಂದ ಹೊರಗೆ ಹಾಕಲಿಲ್ಲ.

ಪ್ರಶ್ನೆ: ನ್ಯಾಯದ ಬಗ್ಗೆ ಮಾತಾಡುವ ಚರ್ಚ್ ಪ್ರಾಮಾಣಿಕವೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಸರ್ಕಾರಕ್ಕೆ ಹೇಳಿದ್ದನ್ನು ತನ್ನ ಮನೆಯಲ್ಲಿ ಮಾಡಿದೆಯೇ ನೋಡಿ. ಕೂಲಿ ಹೆಚ್ಚಿಸಿ ಎಂದು ಪತ್ರ ಬರೆಯುವ ಚರ್ಚ್ ತನ್ನ ಅಂಗಳ ಗುಡಿಸುವವರಿಗೆ ಎಷ್ಟು ಕೊಡುತ್ತಿದೆ ಎಂದು ಕೇಳಿ.

ಮೆಥಡಿಸ್ಟರ ಕತೆಯೇ ಇದಕ್ಕೆ ಉದಾಹರಣೆ. 1784ರಲ್ಲಿ ಅಮೆರಿಕದ ಮೆಥಡಿಸ್ಟರು ತಮ್ಮ ಸದಸ್ಯರು ಗುಲಾಮರನ್ನು ಬಿಡುಗಡೆ ಮಾಡಬೇಕೆಂದು ನಿಯಮ ಮಾಡಿದರು. ವಿರೋಧ ಬಂದದ್ದೇ 1785ರಲ್ಲಿ ಅದನ್ನು ಕೈಬಿಟ್ಟರು. ಗುಲಾಮರನ್ನು ಹೊಂದಿದ್ದ ಒಬ್ಬ ಬಿಷಪ್‌ನ ಕಾರಣಕ್ಕೆ 1844ರಲ್ಲಿ ಉತ್ತರ, ದಕ್ಷಿಣವೆಂದು ಒಡೆದರು. 1939ರಲ್ಲಿ ಮತ್ತೆ ಒಂದಾದರು. ಒಂದಾಗುವುದಕ್ಕೆ ತೆತ್ತ ಬೆಲೆ ನೋಡಿ: ಚರ್ಚಿನ ಆಡಳಿತಕ್ಕೆಂದು ದೇಶವನ್ನು ನಕಾಶೆ ನೋಡಿ ಐದು ಪ್ರಾಂತ್ಯಗಳಾಗಿ ಹಂಚಿದರು, ಆರನೆಯದನ್ನು ಮೈಬಣ್ಣ ನೋಡಿ ಮಾಡಿದರು. ಕಪ್ಪು ಜನರ ಸಭೆಗಳು ಎಲ್ಲೇ ಇರಲಿ, ಹೆಚ್ಚುಕಡಿಮೆ ಎಲ್ಲವನ್ನೂ ಆ ಆರನೆಯದಕ್ಕೆ ತಳ್ಳಿದರು. ಈ ಯೋಜನೆ 1936ರಲ್ಲಿ ಉತ್ತರದವರ ಮಹಾಸಮ್ಮೇಳನದಲ್ಲಿ ಮತಕ್ಕೆ ಬಂದಾಗ ಅಲ್ಲಿದ್ದ 47 ಕಪ್ಪು ಪ್ರತಿನಿಧಿಗಳಲ್ಲಿ 36 ಮಂದಿ ವಿರುದ್ಧ ಮತ ಹಾಕಿದರು, 11 ಮಂದಿ ಮತವನ್ನೇ ಹಾಕಲಿಲ್ಲ. ಯೋಜನೆ ಪಾಸಾಯಿತು. ಕಾರ್ಖಾನೆಯ ಮಾಲೀಕರಿಗೆ ನ್ಯಾಯ ಹೇಳಿದ ಚರ್ಚ್ ಇದೇ.

ಆ ಏರ್ಪಾಡು ಜಾರಿಯಲ್ಲಿದ್ದ ಕಾಲದಲ್ಲೇ ಜೇಮ್ಸ್ ಲಾಸನ್ ಎಂಬ ಕಪ್ಪು ಮೆಥಡಿಸ್ಟ್ ಯುವಕ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದು, ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಹಿಂದಿರುಗಿದರು. 1960ರಲ್ಲಿ ನ್ಯಾಶ್‌ವಿಲ್‌ನ ಹೋಟೆಲು, ಅಂಗಡಿಗಳ ಊಟದ ಕೌಂಟರುಗಳಲ್ಲಿ ಧರಣಿ ಕೂತ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟವರು ಅವರೇ. ಬಣ್ಣದ ಪ್ರಾಂತ್ಯ ರದ್ದಾದದ್ದು 1968ರಲ್ಲಿ, ಅಂದರೆ ದೇಶದ ನಾಗರಿಕ ಹಕ್ಕುಗಳ ಕಾಯಿದೆ ಬಂದು ನಾಲ್ಕು ವರ್ಷದ ಮೇಲೆ. ಸರ್ಕಾರಕ್ಕಿಂತ ಚರ್ಚ್ ಹಿಂದೆ ಬಿದ್ದಿತ್ತು. 2000ದ ಮಹಾಸಮ್ಮೇಳನದಲ್ಲಿ ಅದು ತನ್ನ ಜನಾಂಗಭೇದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪದ ಆರಾಧನೆ ನಡೆಸಿತು.