ಕೊಡಾಕ್ ಮುಳುಗಿದ ಕಥೆಯಿಂದ ಸಣ್ಣ ವ್ಯಾಪಾರಸ್ಥ ಕಲಿಯೋದು ಏನಾದರೂ ಇದೆಯಾ?

ನಿಮ್ಮದು ಲಗ್ನಪತ್ರಿಕೆ ಪ್ರಿಂಟ್ ಮಾಡುವ ಪ್ರೆಸ್, ವಾಟ್ಸಾಪ್ ಬಂದ ಮೇಲೆ ಕೆಲಸ ಕಡಿಮೆಯಾಗಿದೆ, ಫೋಟೋ ಫಿಲ್ಮ್ ಮಾರಿ ಬೆಳೆದ ಅಮೆರಿಕದ ಕೊಡಾಕ್ ಕಂಪನಿಯ ಕಥೆಯಿಂದ ನಿಮಗೆ ಏನಾದರೂ ದಕ್ಕುತ್ತದಾ ಅಂತ ಕೇಳಿದ್ದೀರಿ. ದಕ್ಕುತ್ತದೆ. ಆದರೆ ಎಲ್ಲರೂ ಹೇಳುವ ಪಾಠ ಅದಲ್ಲ.

ಎಲ್ಲರೂ ಹೇಳುವುದು ಇದು. 1975ರಲ್ಲಿ ಸ್ಟೀವನ್ ಸ್ಯಾಸನ್ ಅನ್ನುವ ಕೊಡಾಕ್ ಎಂಜಿನಿಯರ್ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದರು. ಮೂರೂವರೆ ಕೆ.ಜಿ. ತೂಕ, ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ಮೇಲಿನವರು ಅದನ್ನು ಮೂಲೆಗೆ ಸರಿಸಿ ನಿದ್ದೆ ಹೋದರು, 2012ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೇಳೋಕೆ ಚೆನ್ನಾಗಿದೆ. ಆದರೆ ನಿದ್ದೆ ಹೋದವರು 1991ರಲ್ಲೇ ನಿಕಾನ್ ಕಂಪನಿಯ ಕ್ಯಾಮೆರಾ ಬಾಡಿಯೊಳಗೆ ಚಿತ್ರ ಹಿಡಿಯುವ ಸೆನ್ಸರ್ ಕೂರಿಸಿ ಡಿಜಿಟಲ್ ಕ್ಯಾಮೆರಾ ಮಾರುತ್ತಿದ್ದರಾ? 2005ರಲ್ಲಿ ಅಮೆರಿಕದಲ್ಲಿ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಮೊದಲು ನಿಂತದ್ದು ಇದೇ ಕೊಡಾಕ್. ಅವರು ಎಚ್ಚರವಾಗೇ ಇದ್ದರು. ತೊಂದರೆ ಬೇರೆ ಕಡೆ ಇತ್ತು.

ಅದು ನನಗೆ ಅರ್ಥವಾದದ್ದು ನಮ್ಮಪ್ಪನ ಸ್ಟುಡಿಯೋದಿಂದ. ತಾಲ್ಲೂಕು ಪೇಟೆಯ ಸಣ್ಣ ಅಂಗಡಿ. ಕಲರ್ ರೋಲ್‌ಗಳು ಬಸ್ಸಿನಲ್ಲಿ ಹಾಸನದ ಲ್ಯಾಬಿಗೆ ಹೋಗಿ ಬರುತ್ತಿದ್ದವು. ಜನ ಕ್ಯಾಮೆರಾ ಕೊಳ್ಳುತ್ತಿದ್ದದ್ದು ಜೀವನದಲ್ಲಿ ಒಂದೇ ಸಲ. ಆಮೇಲೆ ರೋಲ್‌ಗೆ ಬರುತ್ತಿದ್ದರು, ತೊಳೆಸೋಕೆ ಬರುತ್ತಿದ್ದರು, ಅತ್ತೆ ಮನೆಗೊಂದು ಕಾಪಿ ಬೇಕು ಅಂತ ನೆಗೆಟಿವ್ ಹಿಡಿದುಕೊಂಡು ಮತ್ತೆ ಬರುತ್ತಿದ್ದರು. ನಾಮಕರಣಕ್ಕೆ ಹಾಕಿದ 36ರ ರೋಲು ದೀಪಾವಳಿಗೂ ಮುಗಿಯುತ್ತಿರಲಿಲ್ಲ. ಕೊನೆಗೆ "ರೋಲ್ ಖಾಲಿಯಾಗಲಿ" ಅಂತ ಹಸು, ಬಾವಿಕಟ್ಟೆ, ಪಕ್ಕದ ಮನೆ ನಾಯಿ ಎಲ್ಲಾ ಹೊಡೆದುಕೊಂಡು ಬರುತ್ತಿದ್ದರು. ಆ ನಾಯಿ ಫೋಟೋಗೂ ಫಿಲ್ಮ್ ಬೇಕು, ಕೆಮಿಕಲ್ ಬೇಕು, ಪೇಪರ್ ಬೇಕು. ಮೂರನ್ನೂ ಕೊಡಾಕ್ ಮಾರುತ್ತಿತ್ತು.

ಲಾಭ ಇದ್ದದ್ದು ಅಲ್ಲಿ. ಡಿಜಿಟಲ್ ಕ್ಯಾಮೆರಾ ಎಷ್ಟು ಮಾರಿದರೂ ಗಿರಾಕಿ ಎರಡನೇ ಸಲ ಬರುವುದಿಲ್ಲ. ಜೊತೆಗೆ ಬೆಲೆಯಲ್ಲಿ ಜಪಾನಿನ ಕಂಪನಿಗಳ ಪೈಪೋಟಿ ಬೇರೆ. ಅದೂ ಸಾಲದು ಅಂತ ಫೋನಿನಲ್ಲೇ ಕ್ಯಾಮೆರಾ ಬಂತು.

ಇಲ್ಲಿಂದ ಮುಂದಿನದನ್ನು ಪ್ರೆಸ್ ನಡೆಸುವ ನೀವು ಗಮನಿಸಬೇಕು. ಕೊಡಾಕ್ 2001ರಲ್ಲಿ ಒಫೋಟೊ ಅನ್ನುವ ಜಾಲತಾಣ ಕೊಂಡಿತು. ಜನ ಅಲ್ಲಿ ಫೋಟೋ ಹಾಕುತ್ತಿದ್ದರು. ಫೇಸ್‌ಬುಕ್ ಹುಟ್ಟುವುದಕ್ಕೆ ಇನ್ನೂ ಮೂರು ವರ್ಷ ಇತ್ತು! ಆದರೆ ಕೊಡಾಕ್ ಕಣ್ಣಿಗೆ ಅದು ಪ್ರಿಂಟ್ ಆರ್ಡರ್ ಹಿಡಿಯುವ ಕೌಂಟರ್. ಆಮೇಲೆ ಪ್ರಿಂಟರ್ ಮಾಡುವ ಎಚ್‌ಪಿ ಕಂಪನಿಯಿಂದ ಬಂದಿದ್ದ ಆಂಟೋನಿಯೊ ಪೆರೆಜ್ ಮುಖ್ಯಸ್ಥರಾದರು. 2007ರಲ್ಲಿ ಇಂಕ್‌ಜೆಟ್ ಪ್ರಿಂಟರ್ ತಂದರು. ಶಾಯಿಯನ್ನು ಬೇರೆಯವರಿಗಿಂತ ಅಗ್ಗಕ್ಕೆ ಕೊಟ್ಟರೆ ಜನ ಮನೆಯಲ್ಲೇ ಜಾಸ್ತಿ ಪ್ರಿಂಟ್ ತೆಗೆಯುತ್ತಾರೆ ಅನ್ನೋ ಲೆಕ್ಕ. ಅಂದರೆ ಹೆಸರು ಬದಲಾದರೂ ಅವರು ಹುಡುಕುತ್ತಿದ್ದದ್ದು ಇನ್ನೊಂದು ರೋಲನ್ನೇ. ಜನಕ್ಕೋ ಕಾಗದವೇ ಬೇಡವಾಗಿತ್ತು.

ಜಪಾನಿನ ಫಿಲ್ಮ್ ಕಂಪನಿ ಫ್ಯೂಜಿ ಉಳಿಯಿತು, ಕೊಡಾಕ್ ಉಳಿಯಲಿಲ್ಲ ಅನ್ನುವ ಮಾತನ್ನೂ ಕೇಳಿರುತ್ತೀರಿ. ಮುಖ್ಯಸ್ಥ ಶಿಗೆಟಾಕಾ ಕೊಮೊರಿ ಕೈಯಲ್ಲಿ ಫ್ಯೂಜಿ ತನಗೆ ಏನೇನು ಕೆಲಸ ಗೊತ್ತಿದೆ ಅಂತ ಪಟ್ಟಿ ಮಾಡಿತು. ತೆಳ್ಳಗಿನ ಫಿಲ್ಮ್ ಮಾಡೋದು ಗೊತ್ತಿತ್ತು, ಅದು ಎಲ್‌ಸಿಡಿ ಪರದೆಗೆ ಬೇಕಾಯಿತು. ಫೋಟೋ ಬಣ್ಣ ಮಾಸದಂತೆ ಕಾಪಾಡುವ ರಸಾಯನ ವಿದ್ಯೆ ಗೊತ್ತಿತ್ತು, 2007ರಲ್ಲಿ ಅದನ್ನೇ ಮುಖಕ್ಕೆ ಹಚ್ಚುವ ಕ್ರೀಮಿಗೆ ಹಾಕಿದರು. ಹಾಗಂತ ಕೊಡಾಕ್ ಬೇರೆ ದಾರಿ ನೋಡಲೇ ಇಲ್ಲ ಅಂತಲ್ಲ. 1988ರಲ್ಲಿ 510 ಕೋಟಿ ಡಾಲರ್ ಕೊಟ್ಟು ಸ್ಟರ್ಲಿಂಗ್ ಡ್ರಗ್ ಅನ್ನುವ ಔಷಧಿ ಕಂಪನಿ ಕೊಂಡಿತ್ತು. ಸಾಲ ಹೆಗಲೇರಿತು. 1994ರಲ್ಲಿ ಔಷಧಿ ವ್ಯಾಪಾರವನ್ನು ಮಾರಿದರು. ಅದೇ ವರ್ಷ ತನ್ನದೇ ರಾಸಾಯನಿಕ ವಿಭಾಗವಾದ ಈಸ್ಟ್‌ಮನ್ ಕೆಮಿಕಲ್ ಅನ್ನೂ ಬೇರೆ ಮಾಡಿದರು. ಅದು ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ಕೊಂಡುಕೊಂಡದ್ದು ನಿಲ್ಲಲಿಲ್ಲ, ಮನೆಯಲ್ಲೇ ಇದ್ದದ್ದನ್ನು ಹೊರಗೆ ಕಳಿಸಿದರು. ನನಗೆ ಹೊಟ್ಟೆ ಉರಿಯೋದು ಡಿಜಿಟಲ್ ಕ್ಯಾಮೆರಾಗಿಂತ ಇದಕ್ಕೇ.

ಈಗ ನಿಮ್ಮ ವಿಷಯ. ಮೊದಲು 800 ಪತ್ರಿಕೆ ಹೊಡೆಸುತ್ತಿದ್ದವರು ಈಗ ದೇವರ ಮುಂದೆ ಇಡೋಕೆ, ಹತ್ತಿರದವರಿಗೆ ಕೊಡೋಕೆ ಅಂತ 100 ಹೊಡೆಸುತ್ತಾರೆ ಅಲ್ವಾ? ಪತ್ರಿಕೆಯ ವಿಡಿಯೋ ಮಾಡಿಕೊಡುವ ಯೋಚನೆ ನಿಮಗೂ ಬಂದಿರುತ್ತದೆ. ಮಾಡಿ, ತಪ್ಪಿಲ್ಲ. ಆದರೆ ಅದು ಕೊಡಾಕ್‌ನ ಡಿಜಿಟಲ್ ಕ್ಯಾಮೆರಾ ಇದ್ದ ಹಾಗೆ. ಒಂದು ಸಲ ಮಾಡಿಕೊಟ್ಟರೆ ಮುಗಿಯಿತು, ಫೋನಿನ ಆ್ಯಪಿನಲ್ಲಿ ಅದನ್ನು ಸುಮ್ನೆ ಮಾಡಿಕೊಳ್ಳುವ ತಮ್ಮ ಪ್ರತಿ ಮನೆಯಲ್ಲೂ ಇರುತ್ತಾನೆ. 700 ಕಾರ್ಡಿನ ಜಾಗವನ್ನು ಅದು ತುಂಬುವುದಿಲ್ಲ.

ನಿಮಗೆ ಗೊತ್ತಿರುವ ಕೆಲಸ ಕಾರ್ಡು ಒಂದೇ ಅಲ್ಲ. ತಪ್ಪಿಲ್ಲದೆ ಕನ್ನಡ ಕಂಪೋಸ್ ಮಾಡೋದು, ಅಳತೆಗೆ ಕಟಿಂಗ್, ನಂಬರಿಂಗ್, ಹೇಳಿದ ದಿನಕ್ಕೆ ಮಾಲು ಕೊಡೋದು. ಬೇಕರಿಯ ಸ್ವೀಟ್ ಬಾಕ್ಸು, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಇವನ್ನೆಲ್ಲ ಯಾರೂ ವಾಟ್ಸಾಪ್‌ನಲ್ಲಿ ಕಳಿಸೋಕೆ ಆಗಲ್ಲ. ಅವು ಖಾಲಿಯಾಗುತ್ತವೆ, ಅಂಗಡಿಯವನು ಮತ್ತೆ ಬರುತ್ತಾನೆ.

ಸಾಲ ಮಾಡಿ ಹೊಸ ಮಷಿನ್ ತರುವ ಮೊದಲು ಒಂದು ಭಾನುವಾರ ಕಳೆದ ಮೂರು ವರ್ಷದ ಬಿಲ್ ಬುಕ್ ಇಟ್ಟುಕೊಂಡು ಕೂತುಕೊಳ್ಳಿ. ಒಂದೇ ಹೆಸರು ಎರಡು ಸಲಕ್ಕಿಂತ ಜಾಸ್ತಿ ಎಲ್ಲಿ ಬಂದಿದೆಯೋ ಅಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿ. ಯಾವ ಮಷಿನ್ ತರಬೇಕು ಅನ್ನೋದನ್ನು ಆ ಗುರುತು ನೋಡಿಕೊಂಡು ಯೋಚಿಸಿ.