ಸಂಪಾದಕರ ಉತ್ತರ: ಮೆಕ್ಕೆಜೋಳಕ್ಕೂ ಸೂರ್ಯನ ಗಾಳಿಗೂ ಏನ್ ಸಂಬಂಧ ಅಂದ್ರಿ

ಜಗಳೂರು ಕಡೆಯ ರೈತರೊಬ್ರು ಬರ್ದಿದಾರೆ: 'ಹೋದ್ ಸಂಚಿಕೇಲಿ ಸೌರ ಮಾರುತ ಅಂತ ಎರಡು ಪುಟ ಹಾಕಿದ್ರಿ. ಚಿತ್ರದುರ್ಗದ ಗುಡ್ಡದ ಮೇಲೆ ತಿರುಗೋ ಫ್ಯಾನಿನ ಸುದ್ದಿ ಅನ್ಕಂಡು ಓದಿದ್ರೆ ಆಕಾಶದ ಕಥೆ. ಮೆಕ್ಕೆಜೋಳದ ರೇಟ್ ಬಗ್ಗೆ ಬರೀರಿ, ಸೂರ್ಯನ ಗಾಳಿ ತಗಂಡು ನಾವೇನ್ ಮಾಡಾಣ?'

ಯಜಮಾನ್ರೇ, ರೇಟಿನ ಮಾತು ಒಪ್ಕಂಡೆ. ಆದ್ರೆ ಮೆಕ್ಕೆಜೋಳ ಅಂದ್ರಲ್ಲ, ನೀವಾಗೇ ಸಿಕ್ಕಾಕ್ಕಂಡ್ರಿ. 2024ರ ಮೇ 10, ಅಮೆರಿಕದಲ್ಲಿ ಮೆಕ್ಕೆಜೋಳದ ಬಿತ್ನೆ ಟೈಮು, ಅಲ್ಲಿ ಟ್ರ್ಯಾಕ್ಟರು ಜಿಪಿಎಸ್ ನೋಡ್ಕಂಡು ಸಾಲು ಹಿಡಿಯೋದು, ಅವತ್ತು ಸೂರ್ಯನ ಬಿರುಗಾಳಿಗೆ ಆಕಾಶದ ಮೇಲ್ಗಡೆ ಇರೋ ವಿದ್ಯುತ್ ಕಣಗಳ ಪದರ ಕದಡಿ ಜಿಪಿಎಸ್ ಲೆಕ್ಕ ತಪ್ಪಿ ಎಷ್ಟೋ ರೈತ್ರು ಕೂರಿಗೆ ನಿಲ್ಲಿಸ್ಕಂಡು ಕೂತ್ರು. ಅದೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಗಾಗಿದ್ದು ಕ್ಯಾಮೆರಾದಲ್ಲಿ ಸಿಕ್ತು.

ಇದು ಮೈಗೆ ತಾಗೋ ಗಾಳಿ ಅಲ್ಲ. ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ಓಡೋ ವಿದ್ಯುತ್ ಕಣಗಳು, ಸೂರ್ಯನ ಕಾಂತಶಕ್ತೀನೂ ಹೊತ್ಕಂಡು ಬರ್ತಾವೆ. ಆ ಕಾಂತಶಕ್ತಿಯ ದಿಕ್ಕು ದಕ್ಷಿಣಕ್ಕೆ ತಿರುಗಿದ್ರೆ ಭೂಮಿಯ ಬಾಗ್ಲು ತೆಗ್ದಂಗೆ, ಶಕ್ತಿ ಧ್ರುವದ ಕಡೆಯಿಂದ ನುಗ್ಗಿ ಮೇಲಿನ ತೆಳುಗಾಳಿ ಕಾದು ಬಿಸಿಯಾಗುತ್ತೆ. ನಮ್ಮ ದಾವಣಗೆರೆ ಮಂಡಕ್ಕಿ ಭಟ್ಟೀಲಿ ಕಾದ ಮರಳಿಗೆ ಅಕ್ಕಿ ಬಿದ್ದಿದ್ದೇ ತಡ ಚಟಪಟ ಅಂತ ಬಾಣಲೆ ತುಂಬಾ ಮೇಲೆದ್ದು ಬರುತ್ತಲ್ಲ, ಹಂಗೆ ಗಾಳಿ ಉಬ್ಬುತ್ತೆ. ಅಲ್ಲಿ ಸುತ್ತೋ ಉಪಗ್ರಹಕ್ಕೆ ಎದುರುಗಾಳಿ ಜಾಸ್ತಿಯಾಗಿ ಕೆಳಗಿಳಿಯುತ್ತೆ. 2022ರ ಫೆಬ್ರವರಿ 3ಕ್ಕೆ ಹಾರ್ಸಿದ 49 ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹ ಇನ್ನೂ 210 ಕಿಲೋಮೀಟರ್ ಎತ್ತರದಲ್ಲಿದ್ವು, ಮಾರನೇ ದಿನದ ಬಿರುಗಾಳಿಗೆ (ಅದೂ ಭಾರೀ ಏನಲ್ಲ) ಹೆಚ್ಚೂಕಮ್ಮಿ 40 ಹೋದ್ವು.

1979ರಲ್ಲಿ ನಾನು ಹುಡುಗ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ನಮ್ಮ ತಲೆ ಮೇಲೇ ಬೀಳುತ್ತೆ ಅಂತ ನಮ್ಮಜ್ಜ ಇದ್ದಬದ್ದ ಕೋಳಿ ಎಲ್ಲ ಕುಯ್ಸಿ ಓಣಿಗೇ ಊಟ ಹಾಕ್ಸಿದ್ರು. ಜುಲೈ 11ಕ್ಕೆ ಅದು ಆಸ್ಟ್ರೇಲಿಯಾದಲ್ಲಿ ಬಿತ್ತು, ನಮ್ಮನೇಲಿ ಬೆಳಿಗ್ಗೆ ಕೂಗಕ್ಕೆ ಒಂದ್ ಹುಂಜ ಇರ್ಲಿಲ್ಲ. ಸೂರ್ಯ ವಿಜ್ಞಾನಿಗಳು ಎಣಿಸಿದ್ದಕ್ಕಿಂತ ಜೋರಾಗಿ ಮೇಲಿನ ಗಾಳಿ ಉಬ್ಬಿದ್ದಕ್ಕೇ ಅದು ಬೇಗ ಇಳೀತು ಅಂತ ಅಜ್ಜಂಗೆ ಯಾರೂ ಹೇಳ್ಲಿಲ್ಲ.

ಈಗ್ಲೂ ಅಷ್ಟೇ. ಗ್ರಹಣ ಬಂದ್ರೆ ಟೀವೀಲಿ ಬೆಳಗಿಂದ ಸಂಜೆ ತನಕ ರಾಶಿಫಲ, ಅದಕ್ಕೆ ಯಾರೂ ಕಾಗ್ದ ಬರೆಯಲ್ಲ ನೋಡಿ! ಸೂರ್ಯನ್ನ ನೋಡಕ್ಕೆ ಕಳ್ಸಿದ ನಮ್ಮದೇ ನೌಕೆ ಆದಿತ್ಯ-ಎಲ್1 2024ರ ಜನವರಿ 6ರಿಂದ 15 ಲಕ್ಷ ಕಿಲೋಮೀಟರ್ ಆಚೆ ನಿಂತು ಈ ಗಾಳಿ ಅಳೀತೈತೆ, ಅಲ್ಲಿ ದಾಟಿದ ಗಾಳಿ ಇಲ್ಲಿಗೆ ಬರಕ್ಕೆ ಗಂಟೆ ಹೊತ್ತು ಸಾಕು, ಆ ಸುದ್ದಿಗೆ ಎರಡು ಪುಟ ಕೊಟ್ರೆ ನಿಮಗೆ ಸಿಟ್ಟು.

ಮುಂದಿನ ಸಂಚಿಕೇಲಿ ಮೆಕ್ಕೆಜೋಳಕ್ಕೆ ಒಂದೂವರೆ ಪುಟ. ಉಳಿದ ಅರ್ಧ ಸೂರ್ಯಂದು, ಅದನ್ನ ಬಿಟ್ಟುಕೊಡಲ್ಲ.