‘ಇನ್ನು ಐದು ನಿಮಿಷ’ ಅಂದರೆ ಮಗುವಿಗೆ ಏನೂ ಗೊತ್ತಾಗುವುದಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ‘ನಮ್ಮ ಮಗು ತುಂಬಾ ಹಠ’ ಎಂದೇ ಶುರುವಾಗಿವೆ. ಹೋದ ಸಲವೂ ಹೀಗೇ ಇತ್ತು. ಈ ಪದ ಓದಿದರೆ ನನಗೆ ಬೇಜಾರಾಗುತ್ತದೆ. ಹಾಗಾಗಿ ಒಂದು ಪ್ರಶ್ನೆಗೆ ಉದ್ದಕ್ಕೆ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಅಷ್ಟು ಬೇಕಿಲ್ಲ.

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ. ಬೆಳಿಗ್ಗೆ ಆಟ ಬಿಡಿಸಿ ಶಾಲೆಗೆ ಹೊರಡಿಸುವಾಗ, ಸಂಜೆ ಪಾರ್ಕಿನಿಂದ ಕರೆತರುವಾಗ, ರಾತ್ರಿ ಟಿವಿ ಆಫ್ ಮಾಡುವಾಗ, ಮೂರೂ ಹೊತ್ತು ಚೀರಾಟ. ‘ಇನ್ನು ಐದು ನಿಮಿಷ’ ಅಂತ ಮೊದಲೇ ಹೇಳುತ್ತೇನೆ. ಆದರೂ ಕೇಳುವುದಿಲ್ಲ. ಈ ಹಠ ಬಿಡಿಸುವುದು ಹೇಗೆ?

ನೀವು ಬರೆದ ಮೂರು ಹೊತ್ತನ್ನೂ ಇನ್ನೊಮ್ಮೆ ನೋಡಿ. ಮೂರರಲ್ಲೂ ಅವಳು ಮುಳುಗಿ ಹೋಗಿದ್ದ ಕೆಲಸವನ್ನು ಅರ್ಧಕ್ಕೆ ಬಿಡಬೇಕು, ಅವಳು ಕೇಳದೇ ಇರುವ ಇನ್ನೊಂದು ಕೆಲಸಕ್ಕೆ ಕೈ ಹಾಕಬೇಕು. ಮಾಡುತ್ತಿರುವುದನ್ನು ತಡೆದು ನಿಲ್ಲಿಸುವ ಕೆಲಸ ಹಣೆಯ ಹಿಂದಿರುವ ಮೆದುಳಿನ ಭಾಗದ್ದು. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ನಿಮ್ಮ ಮಗಳಿಗೆ ಇನ್ನೂ ಮೂರೂವರೆ. ಅವಳಿಗೆ ಕಷ್ಟವಾಗುತ್ತಿದೆ, ಅಷ್ಟೇ.

ಇನ್ನು ಆ ಐದು ನಿಮಿಷ. ಈ ವಯಸ್ಸಿನ ಮಕ್ಕಳು ‘ನಿನ್ನೆ’, ‘ನಾಳೆ’ ಎಂಬ ಪದಗಳನ್ನೇ ಅದಲುಬದಲು ಮಾಡುತ್ತಾರೆ. ಐದು ನಿಮಿಷ ಎಷ್ಟು ಉದ್ದ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಸಾಲದ್ದಕ್ಕೆ ನಮ್ಮ ಐದು ನಿಮಿಷ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಫೋನ್ ಬಂದರೆ ಅದು ಇಪ್ಪತ್ತು ನಿಮಿಷ, ತಡವಾಗಿದ್ದರೆ ಎರಡೇ. ಕೊನೆಗೆ ಮಗು ಕಲಿಯುವುದು ಒಂದೇ: ಐದು ನಿಮಿಷ ಅಂದರೆ ಅಮ್ಮನ ದನಿ ಏರುವವರೆಗೆ.

ಗಡಿಯಾರದ ಬದಲು ಆಟದ ಒಳಗಿನಿಂದಲೇ ಕೊನೆಯನ್ನು ಹುಡುಕಿ. ‘ಇನ್ನು ಮೂರು ಸಲ ಜಾರು, ಆಮೇಲೆ ಚಪ್ಪಲಿ ಹಾಕೋಣ.’ ಜೊತೆಗೆ ನಿಂತು ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸಿ. ಮೂರು ಅಂದರೆ ಮೂರೇ ಆಗಿರಬೇಕು.

ಮೊನ್ನೆ, ನಾನು ಮಕ್ಕಳನ್ನು ನೋಡುವ ಕೋಣೆಯಲ್ಲಿ ನಡೆದದ್ದು ಹೇಳುತ್ತೇನೆ. ನಾಲ್ಕು ವರ್ಷದ ಹುಡುಗ ನೆಲದ ಮೇಲೆ ಕೂತು ಪುಟ್ಟ ಕಾರುಗಳನ್ನು ಡಬ್ಬಿಗೆ ತುಂಬುತ್ತಿದ್ದ, ಒಂದರ ಹಿಂದೆ ಒಂದು, ಸಾಲಾಗಿ. ಅವನ ಅಪ್ಪ ಬಾಗಿಲ ಬಳಿ ನಿಂತು ‘ಬಾರೋ, ಹೋಗೋಣ’ ಎಂದು ಐದು ಸಲ ಕರೆದರು. ಪ್ರತಿ ಸಲವೂ ದನಿ ಇನ್ನಷ್ಟು ಜೋರು. ಹುಡುಗನ ಬೆನ್ನು ಅತ್ತ ಇತ್ತ ಅಲುಗಲಿಲ್ಲ. ಅವನ ಪಕ್ಕ ಕೂರಿ ಎಂದು ನಾನು ಅಪ್ಪನಿಗೆ ಹೇಳಿದೆ. ಅವರು ಕೂತರು, ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ‘ಎಷ್ಟು ಕಾರು ಉಳಿದಿದೆ ಪುಟ್ಟಾ?’ ಎಂದು ಕೇಳಿದರು. ಮೂರು ಉಳಿದಿದ್ದವು. ಮೂರನ್ನೂ ಇಟ್ಟ, ಮುಚ್ಚಳ ಒತ್ತಿದ, ಅದರ ಮೇಲೆ ಕೈ ಸವರಿದ. ಆಮೇಲೆ ತಾನಾಗಿಯೇ ಎರಡೂ ಕೈ ಮೇಲೆತ್ತಿದ, ಎತ್ತಿಕೋ ಅಂತ. ಎರಡು ನಿಮಿಷವೂ ಆಗಿರಲಿಲ್ಲ.

ಇನ್ನೊಂದು ಕೋಣೆಯಿಂದ ಕೂಗುವುದನ್ನು ಇವತ್ತೇ ನಿಲ್ಲಿಸಿ. ಹತ್ತಿರ ಹೋಗಿ, ಭುಜ ಮುಟ್ಟಿ, ಅವಳು ನಿಮ್ಮನ್ನು ನೋಡಿದ ಮೇಲೆ ಮಾತಾಡಿ. ಒಂದು ಸಲಕ್ಕೆ ಒಂದೇ ಮಾತು. ‘ಬ್ಯಾಗ್ ತಗೋ, ಶೂ ಹಾಕು, ನೀರು ಕುಡಿ, ಬೇಗ’ ಅಂದರೆ ಅವಳ ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ. ಆಟ ಮುಗಿಯಿತು ಅನ್ನುವುದರ ಜೊತೆಗೆ ಮುಂದೇನು ಎಂಬುದನ್ನೂ ಹೇಳಿ, ಕೈಗೊಂದು ಕೆಲಸ ಕೊಡಿ. ಬಾಗಿಲ ಬೀಗದ ಕೈ ಹಿಡಿದುಕೊಂಡು ಹೊರಡುವ ಮಗುವಿಗೆ ಹೊರಡುವುದೇ ಒಂದು ಕೆಲಸವಾಗುತ್ತದೆ.

‘ಶೂ ಹಾಕ್ಕೋತೀಯಾ?’ ಎಂದು ಕೇಳಬೇಡಿ. ಅವಳು ‘ಇಲ್ಲ’ ಅಂದರೆ ನೀವು ಒಪ್ಪುತ್ತೀರಾ? ಒಪ್ಪಲ್ಲ ಅಲ್ವಾ? ‘ಶೂ ಹಾಕೋ ಹೊತ್ತಾಯ್ತು. ಯಾವ ಕಾಲು ಮೊದಲು?’ ಅನ್ನಿ. ಇದರಲ್ಲಿ ಅವಳಿಗೆ ನಿಜವಾಗಿ ಆರಿಸಿಕೊಳ್ಳಲು ಏನೋ ಇದೆ.

ದಿನದ ಕೆಲಸಗಳು ಒಂದೇ ಕ್ರಮದಲ್ಲಿ ಬರಲಿ. ಹತ್ತು ನಿಮಿಷ ಆಚೀಚೆ ಆದರೂ ಪರವಾಗಿಲ್ಲ, ಒಂದರ ಹಿಂದೆ ಯಾವುದು ಎಂಬುದು ಬದಲಾಗಬಾರದು. ಬೇಕಿದ್ದರೆ ನಾಲ್ಕು ಚಿತ್ರ ಬರೆದು ಅವಳ ಕಣ್ಣಿನ ಎತ್ತರಕ್ಕೆ ಅಂಟಿಸಿ: ಹಲ್ಲುಜ್ಜುವುದು, ಬಟ್ಟೆ, ತಿಂಡಿ, ಶೂ. ಚೆನ್ನಾಗಿ ಬರೆಯಬೇಕೆಂದೇನೂ ಇಲ್ಲ.

ಟಿವಿಯ ಮಾತು ಬೇರೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಇದನ್ನೇ ಗಮನಿಸಿದರು. ‘ಇನ್ನೆರಡು ನಿಮಿಷ’ ಎಂದು ಎಚ್ಚರಿಸಿದಾಗ ಮಕ್ಕಳ ರಂಪ ಜಾಸ್ತಿಯೇ ಆಗಿತ್ತು. ಕಾರ್ಯಕ್ರಮ ತಾನಾಗಿ ಮುಗಿದಾಗ, ದಿನಚರಿಯಲ್ಲಿ ಮುಂದಿನ ಕೆಲಸ ಬಂದಾಗ ಮಕ್ಕಳು ಸುಲಭವಾಗಿ ಎದ್ದಿದ್ದರು. ಆದ್ದರಿಂದ ಒಂದು ಕಂತು ಎಂದು ಮೊದಲೇ ಹೇಳಿ, ಮುಂದಿನ ಕಂತು ತಾನೇ ಶುರುವಾಗುವ ಸೆಟ್ಟಿಂಗ್ ತೆಗೆದುಹಾಕಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ರಾತ್ರಿ ಮಲಗುವ ಮುಂಚೆ ಅದೂ ಬೇಡ ಎಂದು ನಾನು ಹೇಳುತ್ತೇನೆ.

ಇಷ್ಟಾದರೂ ಅಳುತ್ತಾಳೆ. ಅಳಲಿ. ‘ಇನ್ನೂ ಆಡಬೇಕಿತ್ತು ಅಲ್ವಾ, ಬೇಜಾರಾಯ್ತು’ ಎಂದು ಎತ್ತಿಕೊಂಡು ಹೊರಡಿ. ಅಳುವಾಗ ಬುದ್ಧಿ ಹೇಳಬೇಡಿ, ಅದು ಒಳಗೆ ಇಳಿಯುವುದಿಲ್ಲ. ಅತ್ತಳೆಂದು ಒಂದು ದಿನ ಬಿಟ್ಟುಕೊಟ್ಟು ಇನ್ನೊಂದು ದಿನ ಗದರಿದರೆ ಮಾತ್ರ ಅಳು ಬೆಳೆಯುತ್ತದೆ.

ಇನ್ನೆರಡು ವಿಷಯ ಇದೆ, ದಯವಿಟ್ಟು ಇವನ್ನು ಬಿಡಬೇಡಿ. ಮೊದಲನೆಯದು ನಿದ್ದೆ. ಮೂರು, ನಾಲ್ಕು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ಬೇಕು. ಎಂಟು ಗಂಟೆ ಮಲಗಿ ಎದ್ದ ಮಗು ಬೆಳಿಗ್ಗೆ ಅಳದೇ ಇದ್ದರೆ ಅದೇ ಆಶ್ಚರ್ಯ. ಎರಡನೆಯದು ಕಿವಿ. ‘ಮಾತೇ ಕೇಳಲ್ಲ’ ಎಂದು ಶಾಲೆಯವರು ದೂರು ಹೇಳಿದ್ದ ಒಬ್ಬ ಹುಡುಗನನ್ನು ಮನೆಯವರು ನನ್ನ ಬಳಿ ಕರೆತಂದಿದ್ದರು. ತಿಂಗಳುಗಟ್ಟಲೆ ಶಿಕ್ಷೆ ಕೊಟ್ಟಾಗಿತ್ತು. ನೆಗಡಿಯಾದ ಮೇಲೆ ಕಿವಿಯ ತಮಟೆಯ ಹಿಂದೆ ನೀರು ನಿಂತು, ಮಗುವಿಗೆ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ. ಅಂದಿನಿಂದ ಮಾತು ಕೇಳದ ಯಾವ ಮಗು ಬಂದರೂ ನಾನು ಮೊದಲು ಕಿವಿ ಪರೀಕ್ಷೆಗೆ ಕಳಿಸುತ್ತೇನೆ. ಸುಮ್ನೆ ಖರ್ಚು ಅಂತ ಕೆಲವರು ಗೊಣಗುತ್ತಾರೆ. ಗೊಣಗಲಿ.

ಪ್ರಶ್ನೆ: ಶಾಲೆಯಲ್ಲಿ ಬಿಟ್ಟು ಕಣ್ತಪ್ಪಿಸಿ ಬಂದುಬಿಟ್ಟರೆ ಮಗು ಅಳುವುದಿಲ್ಲವಂತೆ, ನಿಜವೇ?

ಮಾಡಬೇಡಿ. ಹೇಳದೆ ಮಾಯವಾದರೆ ಮಗು ಮರುದಿನದಿಂದ ನಿಮ್ಮ ಸೆರಗು ಬಿಡುವುದಿಲ್ಲ. ಯಾವಾಗ ಬರುತ್ತೀರಿ ಎಂದು ಹೇಳಿ, ಒಂದು ಮುತ್ತು ಕೊಟ್ಟು, ಹೊರಟುಬಿಡಿ.

ಪ್ರಶ್ನೆ: ಗುಮ್ಮ ಬರ್ತಾನೆ, ಡಾಕ್ಟರ್ ಸೂಜಿ ಚುಚ್ಚುತ್ತಾರೆ ಅಂದರೆ ಮಾತ್ರ ಕೇಳುತ್ತಾನೆ. ತಪ್ಪೇ?

ತಪ್ಪು. ಆ ಹೆದರಿಕೆಯಲ್ಲಿ ನಡುಗುವ ಮಕ್ಕಳನ್ನು ದಿನಾ ಸಮಾಧಾನ ಮಾಡುವವರು ನಾವು.

ಪ್ರಶ್ನೆ: ಹಠ ಕಡಿಮೆ ಮಾಡುವ ಮೆದುಳಿನ ಟಾನಿಕ್ ಯಾವುದು?

ಅಂಥದ್ದು ಇಲ್ಲ. ಇದೆ ಎಂದು ಮಾರುವವರಿಂದ ದೂರ ಇರಿ.

ಪ್ರಶ್ನೆ: ಬೇಗ ಮಲಗಲಿ ಎಂದು ನೆಗಡಿಯ ಸಿರಪ್ ಸ್ವಲ್ಪ ಕೊಡಬಹುದೇ?

ಒಂದು ಹನಿಯೂ ಬೇಡ. ಕೆಲವು ಮಕ್ಕಳು ಅದರಿಂದ ಇನ್ನಷ್ಟು ಚಡಪಡಿಸುತ್ತಾರೆ, ಪ್ರಮಾಣ ಜಾಸ್ತಿಯಾದರೆ ಜೀವಕ್ಕೇ ಅಪಾಯ. ನಿದ್ದೆಗೆಂದು ಸಿರಪ್ ಕೊಡಿ ಎನ್ನುವವರ ಮಾತು ಕೇಳಬೇಡಿ.

ಪ್ರಶ್ನೆ: ಮಗನಿಗೆ ಎರಡೂಕಾಲು ವರ್ಷ. ದಿನಾ ಹೋಗುವ ದಾರಿ ಬದಲಾದರೆ ಗಂಟೆಗಟ್ಟಲೆ ಅಳುತ್ತಾನೆ. ಮೊದಲು ನಾಲ್ಕೈದು ಪದ ಆಡುತ್ತಿದ್ದ, ಈಗ ಅದೂ ನಿಂತಿದೆ. ಹೆಸರು ಕರೆದರೆ ತಿರುಗುವುದಿಲ್ಲ. ಗಂಡು ಮಕ್ಕಳು ತಡ, ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ. ಕಾಯಲೇ?

ಬೇಡ. ಬಂದ ಮಾತು ನಿಂತುಹೋಗುವುದನ್ನು ಯಾವ ವಯಸ್ಸಿನಲ್ಲೂ ಕಾದು ನೋಡಬಾರದು. ಈ ವಾರವೇ ಮಕ್ಕಳ ವೈದ್ಯರ ಬಳಿ ಹೋಗಿ, ಕಿವಿ ಪರೀಕ್ಷೆ ಮತ್ತು ಆಟಿಸಂ (ಮಾತು, ಇತರರೊಡನೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ತಪಾಸಣೆ ಎರಡನ್ನೂ ಬಾಯಿಬಿಟ್ಟು ಕೇಳಿ. ಕೆಲವೇ ತಿಂಗಳಲ್ಲಿ ಪೂರ್ತಿ ವಾಸಿ ಮಾಡುತ್ತೇವೆ ಎಂದು ದುಡ್ಡು ಕೇಳುವವರ ಕಡೆ ತಿರುಗಿಯೂ ನೋಡಬೇಡಿ. ಅವನು ಆಡುವುದು, ನೀವು ಕರೆದಾಗ ಏನು ಮಾಡುತ್ತಾನೆ ಎಂಬುದು, ಇವೆರಡನ್ನೂ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಮೊದಲು ಪದ ಆಡುತ್ತಿದ್ದಾಗಿನ ಹಳೆಯ ವಿಡಿಯೋ ಇದ್ದರೆ ಅದನ್ನೂ ತೋರಿಸಿ.